ಜ್ಞಾನಚಂದ್ರ ಘೋಷ್: ಇದ್ದಲಿನ ಹೊಗೆಯಿಂದ ಪೆಟ್ರೋಲಿನೆಡೆಗೆ

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲ್ ದುರ್ಲಭವಾಗಿ, ಮದರಾಸು ಪ್ರಾಂತ್ಯದ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡಿದವು. ಆದವಾನಿ, ಆಲೂರುಗಳು ಆಗ ಅದೇ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಆ ಒಲೆಯ ಅನಿಲದಲ್ಲಿ ಉರಿಯುವ ಅಂಶಗಳು ಮುಖ್ಯವಾಗಿ ಎರಡು: ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ. ಇವನ್ನು ಉರಿಸಿ ಕಳೆಯದೆ, ಲೋಹದ ಮೇಲೆ ಹಾಯಿಸಿ ಪೆಟ್ರೋಲನ್ನಾಗಿ ಕಟ್ಟುವ ವಿದ್ಯೆಯ ಬೆನ್ನುಹತ್ತಿ ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದವರು ಸರ್ ಜ್ಞಾನಚಂದ್ರ ಘೋಷ್.

1894ರಲ್ಲಿ ಪುರುಲಿಯಾದಲ್ಲಿ ಜನನ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯರ ಶಿಷ್ಯತ್ವ. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ ಸಹಪಾಠಿಗಳು. 1918ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಲವಣದ್ರಾವಣಗಳಲ್ಲಿ ಅಯಾನುಗಳ ವರ್ತನೆಯನ್ನು ಕುರಿತು ಅವರು ಮಂಡಿಸಿದ ಸಿದ್ಧಾಂತವು ಯುರೋಪಿನ ಗಮನವನ್ನೂ ಸೆಳೆಯಿತು. ಐದೇ ವರ್ಷಗಳಲ್ಲಿ, 1923ರಲ್ಲಿ, ಡಿಬೈ ಮತ್ತು ಹ್ಯೂಕೆಲರ ಸಿದ್ಧಾಂತ ಅದರ ಸ್ಥಾನವನ್ನು ಆಕ್ರಮಿಸಿತು. ಘೋಷರ ಕಥೆಯನ್ನು ಇಲ್ಲಿಗೇ ಮುಗಿಸುವವರುಂಟು, ಅದು ಅನ್ಯಾಯ. ಢಾಕಾ ವಿಶ್ವವಿದ್ಯಾಲಯದಲ್ಲಿ ಅವರು ದ್ಯುತಿರಸಾಯನದತ್ತ ಹೊರಳಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

ಜರ್ಮನಿಯ ಫಿಷರ್ ಮತ್ತು ಟ್ರೋಪ್ಷ್ 1920ರ ದಶಕದಲ್ಲಿ ತೋರಿದ ಮಾರ್ಗವೇ ಬೆಂಗಳೂರಿನಲ್ಲಿಯೂ ಅಭ್ಯಾಸದ ವಿಷಯವಾಯಿತು. ಕನ್ನಡದ 'ವೇಗವರ್ಧಕ' ಎಂಬ ಪದ ಇಲ್ಲಿ ಅರ್ಧವನ್ನಷ್ಟೇ ಹೇಳುತ್ತದೆ. ಲೋಹವು ಕ್ರಿಯೆಯ ವೇಗವನ್ನು ಹೆಚ್ಚಿಸುವುದಲ್ಲದೆ ದಾರಿಯನ್ನೂ ಆಯ್ದುಕೊಡುತ್ತದೆ. ಅದೇ ಎರಡು ಅನಿಲಗಳನ್ನು ನಿಕ್ಕಲಿನ ಮೇಲೆ ಹಾಯಿಸಿದರೆ ಬಹುಪಾಲು ಮೀಥೇನ್. ತಾಮ್ರ-ಸತುವಿನ ಮಿಶ್ರಣದ ಮೇಲೆ ಮೆಥನಾಲ್. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಬಾಲ್ಟಿನ ಮೇಲೆ ಹಾಯಿಸಿದರೆ ಇಂಗಾಲದ ಉದ್ದುದ್ದನೆಯ ಸರಪಳಿಗಳು. ತೊಡಕಿರುವುದು ಈ ಸರಪಳಿಯನ್ನು ಬೇಕಾದಲ್ಲಿ ನಿಲ್ಲಿಸುವುದರಲ್ಲಿ: ಬೇಗ ತುಂಡಾದರೆ ಅನಿಲ, ಬೆಳೆಯುತ್ತ ಹೋದರೆ ಮೇಣ, ನಡುವೆ ಪೆಟ್ರೋಲ್. ಕೋಬಾಲ್ಟಿಗೆ ಒತ್ತಾಸೆಯಾಗಿ ಜರ್ಮನರು ಬಳಸಿದ ಥೋರಿಯಂ ಆಕ್ಸೈಡಿನ ಮೂಲಧಾತು ತಿರುವಾಂಕೂರಿನ ಕಡಲಮರಳಿನಲ್ಲಿಯೇ ಹೇರಳವಾಗಿತ್ತು! ಕೋಬಾಲ್ಟ್ ಮಾತ್ರ ದುಬಾರಿ.

ಪ್ರಯೋಗಾಲಯಕ್ಕಷ್ಟೇ ಅಂಟಿಕೊಳ್ಳುವ ಅವಕಾಶ ನಿರ್ದೇಶಕರಿಗಿರಲಿಲ್ಲ. 1942ರಲ್ಲಿ ವಿಮಾನ ತಂತ್ರಜ್ಞಾನ ವಿಭಾಗ ಅವರ ಆಡಳಿತದಲ್ಲಿಯೇ ತೆರೆಯಿತು. ಸ್ವಾತಂತ್ರ್ಯಾನಂತರ ಖರಗ್‌ಪುರದ ಹಿಜ್ಲಿ ಬಂದೀಖಾನೆಯ ಕಟ್ಟಡದಲ್ಲಿ ಆರಂಭವಾದ ಮೊದಲ ಐಐಟಿಗೆ ಅವರೇ ಮೊದಲ ನಿರ್ದೇಶಕರು. ಬಳಿಕ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿ, ಯೋಜನಾ ಆಯೋಗದ ಸದಸ್ಯ.

ಕಲ್ಲಿದ್ದಲ ಪೆಟ್ರೋಲಿನ ಬೃಹತ್ ಕಾರ್ಖಾನೆ ಅವರ ಜೀವಿತಾವಧಿಯಲ್ಲಿ ಭಾರತದಲ್ಲಿ ಮೇಲೇಳಲಿಲ್ಲ. 1955ರಲ್ಲಿ ದಕ್ಷಿಣ ಆಫ್ರಿಕದ ಸಸೋಲ್ ಕಾರ್ಖಾನೆಯು ಕೋಬಾಲ್ಟನ್ನು ಬಿಟ್ಟು ಅಗ್ಗದ ಕಬ್ಬಿಣದ ಮೇಲೆಯೇ ಪೆಟ್ರೋಲನ್ನು ಇಳಿಸತೊಡಗಿತು. ಘೋಷ್ ತೀರಿಕೊಂಡದ್ದು 1959ರ ಜನವರಿಯಲ್ಲಿ.