ಗ್ಲೈಕೋಜನ್ ಮರದ ಕವಲು ಎಣಿಸಿದ ಗರ್ಟಿ ಕೋರಿ

ಬಯೋಕೆಮಿಸ್ಟ್ರಿ ವಿದ್ಯಾರ್ಥಿಗಳಿಗೆ ‘ಕೋರಿ ಸೈಕಲ್’ ಎಂದರೆ ಪರೀಕ್ಷೆಗೆ ಬಂದೇ ಬರುವ ಪ್ರಶ್ನೆ. ನನಗೆ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಗರ್ಟಿ ಕೋರಿ ನೆನಪಾಗುತ್ತಾರೆ.

1896ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಗರ್ಟಿ, ವೈದ್ಯಕೀಯ ಸಹಪಾಠಿ ಕಾರ್ಲ್ ಕೋರಿ ಅವರನ್ನು 1920ರಲ್ಲಿ ಮದುವೆಯಾಗಿ, ಎರಡು ವರ್ಷಕ್ಕೆ ಅಮೆರಿಕ ಸೇರಿದರು. 1931ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯ ಕಾರ್ಲ್‌ಗೆ ವಿಭಾಗದ ಮುಖ್ಯಸ್ಥರ ಹುದ್ದೆ ಕೊಟ್ಟಿತು. ಗರ್ಟಿಗೆ ಸಿಕ್ಕಿದ್ದು ಸಂಶೋಧನಾ ಸಹಾಯಕಿಯ ಕೆಲಸ, ಸಂಬಳ ಗಂಡನದರ ಹತ್ತನೇ ಒಂದು ಪಾಲು! ಇಬ್ಬರೂ ಮಾಡುತ್ತಿದ್ದುದು ಒಂದೇ ಸಂಶೋಧನೆ. ಪೂರ್ಣ ಪ್ರಾಧ್ಯಾಪಕಿಯಾಗಲು ಆಕೆ 1947ರವರೆಗೆ ಕಾಯಬೇಕಾಯಿತು. ಅದೇ ವರ್ಷ ನೊಬೆಲ್ ಬಂತು. ಮೂಳೆಮಜ್ಜೆಯ ಗುಣವಾಗದ ಕಾಯಿಲೆಯೂ ಅದೇ ವರ್ಷ ಪತ್ತೆಯಾಯಿತು.

ನನಗೆ ಬೆರಗು ಹುಟ್ಟಿಸುವುದು ಆಮೇಲಿನ ಹತ್ತು ವರ್ಷ.

ನಮ್ಮ ಯಕೃತ್ತು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಸಾವಿರಾರು ಗ್ಲೂಕೋಸ್ ಸೇರಿದ ಈ ಅಣು ಕವಲೊಡೆದಿರುತ್ತದೆ ಎಂದು ಗೊತ್ತಿತ್ತು. ಆದರೆ ಹೇಗೆ? ಬಾಚಣಿಗೆಯ ಹಲ್ಲಿನಂತೆ ಎಂದರು ಸ್ಟೌಡಿಂಗರ್, ಪದರ ಪದರವಾಗಿ ಎಂದರು ಹಾವರ್ತ್, ಮರದಂತೆ ಎಂದರು ಮೇಯರ್. ಗರ್ಟಿ ತಂಡ ಇದನ್ನು ತೀರ್ಮಾನಿಸಲು ಕಿಣ್ವಗಳನ್ನೇ ಕತ್ತರಿ ಮಾಡಿಕೊಂಡಿತು. ಫಾಸ್ಫಾರಿಲೇಸ್ ಕಿಣ್ವ ಹೊರತುದಿಯಿಂದ ಒಂದೊಂದೇ ಗ್ಲೂಕೋಸನ್ನು ಫಾಸ್ಫೇಟ್ ಜೊತೆ ಬಿಡಿಸುತ್ತಾ ಬಂದು ಕವಲಿನ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಇನ್ನೊಂದು ಕಿಣ್ವದ ಸರದಿ. ಅದು ಬಿಡಿಸಿದ ಕವಲಿನ ಗ್ಲೂಕೋಸ್ ಫಾಸ್ಫೇಟ್ ಇಲ್ಲದೆ ಬರುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಅಳೆದರೆ ಎಷ್ಟು ಕವಲು, ಕೊಂಬೆ ಎಷ್ಟು ಉದ್ದ ಎಂಬ ಲೆಕ್ಕ ಸಿಗುತ್ತದೆ. ಒಂದು ಸುತ್ತು ಮುಗಿದರೆ ಒಳಗಿನ ಕೊಂಬೆಗಳಿಗೆ ಮತ್ತೆ ಮೊದಲ ಕಿಣ್ವ. ಎಂಥ ತಾಳ್ಮೆಯ ಕೆಲಸ! 1952ರಲ್ಲಿ ಉತ್ತರ ಸಿಕ್ಕಿತು: ಮರದ ಚಿತ್ರವೇ ಸರಿ.

ಈ ಲೆಕ್ಕಾಚಾರ ನೇರವಾಗಿ ಮಕ್ಕಳ ಹಾಸಿಗೆಯ ಬಳಿಗೆ ಹೋಯಿತು. ಯಕೃತ್ತು ಊದಿಕೊಂಡು, ರಕ್ತದಲ್ಲಿ ಸಕ್ಕರೆ ಕುಸಿಯುತ್ತಿದ್ದ ಮಕ್ಕಳಿದ್ದರು. ಎಲ್ಲರದೂ ಒಂದೇ ಕಾಯಿಲೆಯಂತೆ ಕಾಣುತ್ತಿತ್ತು. ಕೆಲವರಲ್ಲಿ ಗ್ಲೂಕೋಸ್-6-ಫಾಸ್ಫಟೇಸ್ ಕಿಣ್ವವೇ ಇಲ್ಲವೆಂದು ಕೋರಿ ದಂಪತಿ ತೋರಿಸಿದರು. ಇನ್ನೊಂದು ಮಗುವಿನ ಗ್ಲೈಕೋಜನ್‌ನಲ್ಲಿ ಹೊರಕೊಂಬೆಗಳು ವಿಪರೀತ ಮೋಟಾಗಿದ್ದವು. ಕವಲು ಬಿಡಿಸುವ ಕಿಣ್ವದ ಕೊರತೆಯೇ ಇದಕ್ಕೆ ಕಾರಣವಿರಬೇಕೆಂದು ಗರ್ಟಿ ಊಹಿಸಿದರು. 1956ರಲ್ಲಿ ಅದು ಖಚಿತವಾಯಿತು. ಇಂದು ಅದನ್ನು ಕೋರಿ ಕಾಯಿಲೆ ಎಂದೇ ಕರೆಯುತ್ತಾರೆ.

ಅಷ್ಟರಲ್ಲಿ ಗರ್ಟಿ ಬದುಕಿದ್ದುದೇ ಬೇರೆಯವರ ರಕ್ತ ಪಡೆದುಕೊಂಡು. ಆದರೂ ಪ್ರಯೋಗಾಲಯ ಬಿಡಲಿಲ್ಲ. ಮಾರನೇ ವರ್ಷ ಅಕ್ಟೋಬರ್ 26ರಂದು ತೀರಿಕೊಂಡರು.