ಶಿವಯೋಗಮಂದಿರದ ಕುಮಾರ ಮಹಾಸ್ವಾಮಿಗಳವರು

ಗುರುವು ಅರಿವುಳ್ಳವನಾದರೆ ಭಕ್ತನ ಮನೆ ಬೆಳಗುವುದು. ಗುರುವಿಗೇ ಅರಿವಿಲ್ಲದಿದ್ದರೆ ಮಠವು ಬರಿಯ ಕಲ್ಲುಗೋಡೆಯಾಗುವುದು. ಈ ಸತ್ಯವನ್ನು ತಮ್ಮ ಜೀವಿತದ ಚಿಂತೆಯನ್ನಾಗಿ ಮಾಡಿಕೊಂಡವರು ಪೂಜ್ಯ ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು.

ಶ್ರೀಗಳವರು 1867ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಬಡ ಜಂಗಮ ಮನೆತನದಲ್ಲಿ ಅವತರಿಸಿದರು. ಹಾಲಯ್ಯನೆಂಬುದು ಬಾಲ್ಯದ ಹೆಸರು. ಬಡತನದಲ್ಲಿಯೇ ಅಕ್ಷರ ಕಲಿತು, ಕೆಲಕಾಲ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿ, ವೈರಾಗ್ಯವು ಬಲಿಯಲು ಮನೆಯನ್ನು ತೊರೆದರು. ಯಳಂದೂರು ಬಸವಲಿಂಗ ಸ್ವಾಮಿಗಳವರ ಸನ್ನಿಧಿಯಲ್ಲಿ ಶಿವಯೋಗದ ಮರ್ಮವನ್ನರಿತು, ಮುಂದೆ ಹಾನಗಲ್ಲ ವಿರಕ್ತಮಠದ ಅಧಿಕಾರವನ್ನು ವಹಿಸಿಕೊಂಡರು.

ಅಂದು ಮಠಗಳಿಗೆ ಕೊರತೆಯಿರಲಿಲ್ಲ; ಆದರೆ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಗೊತ್ತಾದ ಬಾಲಕರಿಗೆ ಶಾಸ್ತ್ರವನ್ನೂ ಆಚಾರವನ್ನೂ ಒಂದೆಡೆ ಕಲಿಸುವ ಏರ್ಪಾಡು ಇರಲಿಲ್ಲ. 1904ರಲ್ಲಿ ಧಾರವಾಡದಲ್ಲಿ ಶ್ರೀಗಳವರ ಪ್ರೇರಣೆಯಿಂದ ವೀರಶೈವ ಮಹಾಸಭೆಯು ನೆರೆಯಿತು. ಸಿರಸಂಗಿ ಲಿಂಗರಾಜರು ಅದರ ಅಧ್ಯಕ್ಷರಾದರು. ಸಮಾಜವು ಒಂದುಗೂಡಿತು. ಆದರೂ ಸಮಾಜಕ್ಕೆ ದಾರಿ ತೋರುವವರು ಮೊದಲು ಸಿದ್ಧರಾಗಬೇಕೆಂಬ ಹಂಬಲ ಶ್ರೀಗಳವರನ್ನು ಬಿಡಲಿಲ್ಲ. ಅದರ ಫಲವಾಗಿ 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವು ತಲೆಯೆತ್ತಿತು.

ಅಲ್ಲಿಗೆ ಬಂದ ವಟುಗಳಿಗೆ ಲಿಂಗಪೂಜೆ, ಯೋಗ, ಸಂಸ್ಕೃತ, ಕನ್ನಡ, ವಚನಶಾಸ್ತ್ರ, ಸಂಗೀತಗಳ ಶಿಕ್ಷಣ ದೊರೆಯಿತು. ಗೋಶಾಲೆಯ ಗೋಮಯದಿಂದ ಶಾಸ್ತ್ರೋಕ್ತವಾಗಿ ವಿಭೂತಿಯನ್ನು ಸಿದ್ಧಪಡಿಸುವ ಕಾಯಕವೂ ಅಲ್ಲಿ ನೆಲೆಗೊಂಡಿತು. ನಾಳೆ ಭಕ್ತರ ಕೈಯಿಂದ ಪಾದಪೂಜೆಯನ್ನು ಕೊಳ್ಳುವವನು ಇಂದು ತನ್ನ ಕೈಯಿಂದ ದುಡಿದು ಕಲಿಯಬೇಕೆಂಬುದೇ ಆ ವ್ಯವಸ್ಥೆಯ ತಿರುಳು.

ಶ್ರೀಗಳವರ ಕರುಣೆಯು ಪಟ್ಟದ ಮರಿಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಬಡ ಮನೆಯ ಕುರುಡ ಬಾಲಕನೊಬ್ಬನ ಕಂಠಮಾಧುರ್ಯವನ್ನು ಗುರುತಿಸಿ, ಅವನಿಗೆ ಆಶ್ರಯವಿತ್ತು ಸಂಗೀತವಿದ್ಯೆಯನ್ನು ಕೊಡಿಸಿದರು. ಅವನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ನಾಡಿನಲ್ಲೆಲ್ಲ ಪ್ರಸಿದ್ಧನಾಗಿ, ಎಷ್ಟೋ ಅಂಧ ಮಕ್ಕಳಿಗೆ ನಾದದ ಕಣ್ಣು ತೆರೆಸಿದನು. ಗುರುವಿನಿಂದ ಪಡೆದುದನ್ನು ತನ್ನಂಥವರಿಗೆ ಹಂಚಿದುದರಿಂದ ಆ ವಿದ್ಯೆಯು ದಾಸೋಹವಾಯಿತು.

1930ರಲ್ಲಿ ಶ್ರೀಗಳವರು ಲಿಂಗೈಕ್ಯರಾದರು. ಅವರ ಗದ್ದುಗೆಯು ಶಿವಯೋಗಮಂದಿರದಲ್ಲಿಯೇ ಇದೆ. ವಟುಗಳ ಅಧ್ಯಯನವೂ ಅಲ್ಲಿ ನಡೆದುಬಂದಿದೆ. ಅಲ್ಲಿ ಕಲಿತವರು ಹಲವು ಮಠಗಳ ಪೀಠವನ್ನೇರಿ, ಊರೂರುಗಳಲ್ಲಿ ಅನ್ನ ಮತ್ತು ಅಕ್ಷರಗಳ ದಾಸೋಹವನ್ನು ನಡೆಸಿದರು.

ಹಣೆಯಲ್ಲಿ ವಿಭೂತಿಯನ್ನು ಧರಿಸುವ ಗೃಹಸ್ಥನು, ಆ ಭಸ್ಮದ ಹಿಂದೆ ಇಂಥ ತಪಸ್ಸು ಇದೆಯೆಂಬುದನ್ನು ನೆನೆಯಲಿ. ಮಠಕ್ಕೆ ಕಾಣಿಕೆ ಸಲ್ಲಿಸುವುದು ಸುಲಭ. ಮಠದ ಮರಿಯು ಏನು ಕಲಿಯುತ್ತಿರುವನೆಂದು ವಿಚಾರಿಸುವುದೂ ಭಕ್ತನ ಕರ್ತವ್ಯವೇ ಆಗಿದೆ. ಶ್ರೀಗಳವರಿಗೆ ಸಲ್ಲಿಸಬೇಕಾದ ನಿಜವಾದ ಪೂಜೆ ಅದು.