ಹಲವು ಆಟ ಕಲಿತ ಹುಡುಗ, ಗಂಡುಗಲಿ ಕುಮಾರರಾಮ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಹೇಮಗುಡ್ಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಂಡೆಗಳ ನಡುವಿನ ಹಳೆಯ ಕೋಟೆ, ದುರ್ಗಾಪರಮೇಶ್ವರಿಯ ಗುಡಿ, ಅದೇ ಸೀಮೆಯಲ್ಲಿ ಜಬ್ಬಲಗುಡ್ಡದ ಬಳಿಯ ಕುಮ್ಮಟದುರ್ಗ, ಇವೆಲ್ಲ ಒಂದು ಕಾಲಕ್ಕೆ ಕಂಪಿಲರಾಯನ ನಾಡು. ಅವನ ಮಗನೇ ಗಂಡುಗಲಿ ಕುಮಾರರಾಮ. 2006ರಲ್ಲಿ ಅವನ ಹೆಸರಿನ ಚಲನಚಿತ್ರವೂ ಬಂದಿತು. ಕತ್ತಿ ಹಿಡಿದ ಶೂರನೆಂದು ಅವನನ್ನು ನೀವು ಬಲ್ಲಿರಿ. ಆದರೆ ಶೂರನಾಗುವ ಮೊದಲು ಅವನೂ ಬೆಳೆಯುವ ಹುಡುಗನಾಗಿದ್ದ. ಹಲವು ಆಟಗಳನ್ನು ಒಟ್ಟಿಗೇ ಕಲಿತ ಹುಡುಗ. ಇಂದು ಆ ಹುಡುಗನ ಕಥೆಯನ್ನು ಕೇಳಿ. ಮಕ್ಕಳನ್ನು ಬೆಳೆಸುತ್ತಿರುವ ನಿಮಗೆ ಅದು ಬೇಕಾದ ಕಥೆ.

ಶಾಲೆಗಳ ಕ್ರೀಡಾಕೂಟ ಬಂತೆಂದರೆ ನಿಮ್ಮ ಮನೆಯಲ್ಲೂ ಒಂದು ಪ್ರಶ್ನೆ ಏಳುತ್ತದಲ್ಲವೇ? ಮಗ ಕಬಡ್ಡಿ ತಂಡದಲ್ಲಿದ್ದಾನೆ, ಓಟಕ್ಕೂ ಹೆಸರು ಕೊಟ್ಟಿದ್ದಾನೆ. ಮಗಳು ಬೆಳಿಗ್ಗೆ ಖೋ ಖೋ ಆಡಿ ಸಂಜೆ ವಾಲಿಬಾಲ್‌ಗೆ ನಿಲ್ಲುತ್ತಾಳೆ. ಒಂದನ್ನು ಬಿಡಿಸಬೇಕೇ? ಎಲ್ಲವನ್ನೂ ಆಡಲಿ ಎಂದು ಬಿಡಬೇಕೇ? ಇಷ್ಟೆಲ್ಲ ಆಡಿದರೆ ಓದುವುದು ಯಾವಾಗ?

ಕುಮಾರರಾಮನ ಕಾಲದಲ್ಲಿ ಅರಸುಮಕ್ಕಳು ಒಂದೇ ವಿದ್ಯೆಗೆ ಅಂಟಿಕೊಳ್ಳುವಂತಿರಲಿಲ್ಲ. ಕುದುರೆ ಸವಾರಿ, ಗರಡಿಯ ಕುಸ್ತಿ, ಕತ್ತಿವರಸೆ, ಬಿಲ್ಲುವಿದ್ಯೆ, ಬೇಟೆ, ಚೆಂಡಾಟ ಎಲ್ಲವೂ ಬೇಕು. ಅವನಿಗಿಂತ ಸುಮಾರು 200 ವರ್ಷ ಮೊದಲು ಕಲ್ಯಾಣದಲ್ಲಿ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸ ಎಂಬ ದೊಡ್ಡ ಗ್ರಂಥ ಬರೆಸಿದನು. ಜಟ್ಟಿಗಳನ್ನು ಹೇಗೆ ತಯಾರು ಮಾಡಬೇಕೆಂಬುದು ಅದರಲ್ಲಿದೆ. ಕುಸ್ತಿಯವನು ಬರೀ ಕುಸ್ತಿ ಹಿಡಿದರೆ ಸಾಲದು. ಭಾರ ಎತ್ತಬೇಕು, ನಡೆಯಬೇಕು, ನೀರಿಗಿಳಿದು ಈಜಬೇಕು, ಕಂಬದ ಮೇಲೆ ಸಾಧನೆ ಮಾಡಬೇಕು. ವಯಸ್ಸು, ಮೈಕಟ್ಟು, ಬಲ ನೋಡಿ ಜಟ್ಟಿಗಳನ್ನು ವಿಂಗಡಿಸಿ, ಅವರ ಊಟವನ್ನೂ ಗೊತ್ತುಮಾಡಿದ್ದಾರೆ. ಕುದುರೆಯ ಮೇಲೆ ಕುಳಿತು ಚೆಂಡಾಡುವ ಆಟವೂ ಆ ಗ್ರಂಥದಲ್ಲಿದೆ. ನಮ್ಮ ಸೀಮೆಯ ಹಿರಿಯರಿಗೆ ಈ ವಿಷಯ ಹೊಸದಲ್ಲ ಎಂದಾಯಿತು.

ಕುಮಾರರಾಮನ ಬದುಕು ನಮಗೆ ಎರಡು ದಾರಿಯಲ್ಲಿ ಬಂದಿದೆ. ಒಂದು ಚರಿತ್ರೆ. ಇನ್ನೊಂದು ಜನರು ಹಾಡಿಕೊಂಡು ಬಂದ ಕಥೆ. 16ನೆಯ ಶತಮಾನದಲ್ಲಿ ನಂಜುಂಡ ಕವಿ ಈ ಕಥೆಯನ್ನು ಸಾಂಗತ್ಯದಲ್ಲಿ ಬರೆದನು. ಮುಂದೆ ಹೇಳುವ ಚೆಂಡಿನ ಪ್ರಸಂಗ ಕಥೆಗೆ ಸೇರಿದ್ದು.

ಒಂದು ದಿನ ರಾಮ ತನ್ನ ಜೊತೆಗಾರರೊಂದಿಗೆ ಚೆಂಡಾಡುತ್ತಿದ್ದ. ತಂದೆ ಬೇಟೆಗೆ ಹೋಗಿದ್ದ. ಆಟದ ರಭಸದಲ್ಲಿ ಚೆಂಡು ಹಾರಿ ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬಿತ್ತು. ಅದನ್ನು ತರಲು ರಾಮನೇ ಒಳಗೆ ಹೋದ. ವಯಸ್ಸಿನಲ್ಲಿ ಚಿಕ್ಕವಳಾದ ಆ ಮಲತಾಯಿ ಅವನ ರೂಪಕ್ಕೆ ಮನಸೋತು ತನ್ನ ಆಸೆಯನ್ನು ತೋಡಿಕೊಂಡಳು. ಅವನ ತೋಳಿನಲ್ಲಿ ಬಲವಿತ್ತು, ಮೈಯಲ್ಲಿ ಹರೆಯವಿತ್ತು, ನೋಡುವವರು ಯಾರೂ ಇರಲಿಲ್ಲ. ಆದರೂ ಅವನು ಆಕೆಯನ್ನು ತಾಯಿಯೆಂದೇ ಕಂಡು, ಬುದ್ಧಿ ಹೇಳಿ ಹೊರಬಂದ. ಜನ ಅವನಿಗೆ ಪರನಾರಿ ಸಹೋದರ ಎಂಬ ಬಿರುದು ಕೊಟ್ಟರು. ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳಿಗೆಲ್ಲ ಒಡಹುಟ್ಟಿದವನು ಎಂದು ಅದರ ಅರ್ಥ. ಗೆದ್ದ ಯುದ್ಧಗಳಿಗಿಂತ ಈ ಬಿರುದೇ ಜನರ ಬಾಯಲ್ಲಿ ಹೆಚ್ಚು ಉಳಿಯಿತು.

ಓದುಗರೇ, ಇದನ್ನು ಕೇಳಿದಾಗ ನಿಮಗೆ ಬೈಬಲಿನ ಜೋಸೆಫನ ನೆನಪಾಗದೆ ಇರದು. ಈಜಿಪ್ಟಿನಲ್ಲಿ ಪೋಟೀಫರನ ಹೆಂಡತಿಯಿಂದ ತಪ್ಪಿಸಿಕೊಂಡು ಓಡಿದ ಅವನಿಗೂ ಸಿಕ್ಕಿದ್ದು ಸೆರೆಮನೆ. ರಾಮನಿಗೂ ಹಾಗೆಯೇ ಆಯಿತು. ರತ್ನಾಜಿ ಮಾತನ್ನು ತಿರುಗಿಸಿ, ನಿನ್ನ ಮಗನೇ ನನ್ನ ಮೇಲೆ ಕೈಮಾಡಲು ಬಂದನೆಂದು ಅರಸನಿಗೆ ದೂರು ಕೊಟ್ಟಳು. ಕಂಪಿಲರಾಯ ಮಗನನ್ನು ಕರೆದು ಕೇಳಲಿಲ್ಲ. ಆ ಗಳಿಗೆಯ ಸಿಟ್ಟಿನಲ್ಲಿ ತಲೆ ತೆಗೆಯಲು ಅಪ್ಪಣೆ ಕೊಟ್ಟುಬಿಟ್ಟ.

ಮಂತ್ರಿ ಬೈಚಪ್ಪ ಮಾತ್ರ ತಾಳ್ಮೆಯ ಮನುಷ್ಯ. ಹುಡುಗನ ನಡತೆಯನ್ನು ಚಿಕ್ಕಂದಿನಿಂದ ನೋಡಿದವನು. ಅವನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿಟ್ಟು, ಬೇರೆ ತಲೆಯನ್ನು ತೋರಿಸಿ ಅರಸನನ್ನು ನಂಬಿಸಿದ. ಬಯಲಿನಲ್ಲಿ ಕುದುರೆ ಓಡಿಸುತ್ತಿದ್ದ ಹುಡುಗ ಕತ್ತಲೆಯಲ್ಲಿ ಕುಳಿತ. ಆಟವಿಲ್ಲ, ಗರಡಿಯಿಲ್ಲ, ಜೈಕಾರವಿಲ್ಲ. ಹೊರಗಿನ ಜನ ಅವನು ಸತ್ತನೆಂದೇ ತಿಳಿದಿದ್ದರು. ಬಲವಂತನಾದ ಹುಡುಗನಿಗೆ ಇದಕ್ಕಿಂತ ಕಠಿಣವಾದ ಸಾಧನೆ ಯಾವುದಿದೆ ಹೇಳಿ?

ಆಮೇಲೆ ದೆಹಲಿಯ ಸೈನ್ಯ ಕುಮ್ಮಟದ ಬಾಗಿಲಿಗೆ ಬಂತು. ಮಗ ಇದ್ದಿದ್ದರೆ ಎಂದು ಅರಸ ಗೋಳಿಟ್ಟ. ಆಗ ಬೈಚಪ್ಪ ಸತ್ಯವನ್ನು ತಿಳಿಸಿದ. ನೆಲಮಾಳಿಗೆಯಿಂದ ಬಂದ ರಾಮ ತಂದೆಯೊಡನೆ ಲೆಕ್ಕ ಕೇಳುತ್ತಾ ನಿಲ್ಲಲಿಲ್ಲ. ತನ್ನ ತಲೆ ಕೇಳಿದವನ ಕೋಟೆಯನ್ನೇ ಕಾಯಲು ಕುದುರೆ ಏರಿ ಹೊರಟು, ಶತ್ರುಗಳನ್ನು ಹಿಮ್ಮೆಟ್ಟಿಸಿದ. ಮುಂದಿನ ದಾಳಿಯೊಂದರಲ್ಲಿ ಅವನು ಹೋರಾಡುತ್ತಲೇ ಮಡಿದನೆಂದು ಕಥೆ ಮುಗಿಯುತ್ತದೆ.

ಚರಿತ್ರೆ ಹೇಳುವುದೂ ಎದೆ ನಡುಗಿಸುವ ಸಂಗತಿಯೇ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಎಂಬವನು ಸಗರದಲ್ಲಿ ದಂಗೆಯೆದ್ದು ಸೋತು, ಕಂಪಿಲನ ಮೊರೆಹೊಕ್ಕನು. ಆಶ್ರಯ ಕೊಟ್ಟರೆ ರಾಜ್ಯಕ್ಕೇ ಆಪತ್ತು. ಆದರೂ ಕಂಪಿಲ ಅವನನ್ನು ಒಪ್ಪಿಸಲಿಲ್ಲ. ಸುಮಾರು 1327ರಲ್ಲಿ ಕೋಟೆ ಬೀಳುವ ಹೊತ್ತಿಗೆ ಆ ಅತಿಥಿಯನ್ನು ಬೇರೆ ಅರಸನ ಬಳಿಗೆ ಕಳುಹಿಸಿ, ತಾನು ಹೋರಾಡಿ ಸತ್ತನು. ಅರಮನೆಯ ಹೆಂಗಸರು ಬೆಂಕಿಗೆ ಆಹುತಿಯಾದರು. ಕೆಲವೇ ವರ್ಷಗಳ ನಂತರ ಭಾರತಕ್ಕೆ ಬಂದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ಆ ಬೂದಿಯ ಪಕ್ಕದಲ್ಲೇ, ತುಂಗಭದ್ರೆಯ ದಂಡೆಯ ಮೇಲೆ, 1336ರಲ್ಲಿ ವಿಜಯನಗರ ತಲೆಯೆತ್ತಿತು.

ಈಗ ನಿಮ್ಮ ಮನೆಯ ಪ್ರಶ್ನೆಗೆ ಬನ್ನಿ. ಮಗು ಎರಡು ಮೂರು ಆಟ ಆಡಿದರೆ ತಪ್ಪೇನಿಲ್ಲ. ಬೆಳೆಯುವ ವಯಸ್ಸಿನಲ್ಲಿ ವರ್ಷವಿಡೀ ಒಂದೇ ಆಟ ಆಡಿದರೆ ಅದೇ ಭುಜ, ಅದೇ ಮೊಣಕಾಲು ದಿನವೂ ಸವೆಯುತ್ತದೆ. ಹಲವು ಆಟಗಳಲ್ಲಿ ಭಾರ ಹಂಚಿಹೋಗುತ್ತದೆ ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಆದರೆ ಒಂದು ಎಚ್ಚರಿಕೆ. ಎರಡು ಆಟದ ಇಬ್ಬರು ಶಿಕ್ಷಕರು ಒಬ್ಬರಿಗೊಬ್ಬರು ತಿಳಿಸದೆ ಒಂದೇ ದಿನ ಒಂದೇ ಮಗುವನ್ನು ದಣಿಸಿದರೆ ಆ ಭಾರ ಹಂಚಿಹೋಗುವುದಿಲ್ಲ, ಇಮ್ಮಡಿಯಾಗುತ್ತದೆ. ಆದ್ದರಿಂದ ಆ ಇಬ್ಬರ ಬಳಿಯೂ ನೀವೇ ಹೋಗಿ ಮಾತನಾಡಿ. ವಾರದಲ್ಲಿ ಒಂದು ದಿನವಾದರೂ ಅಭ್ಯಾಸಕ್ಕೆ ರಜೆ ಇರಲಿ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಇರಲಿ. ನೋವು ಎಂದರೆ ಸುಮ್ಮನಿರು ಎಂದು ಗದರಬೇಡಿ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕುದುರೆಯ ಮೇಲೆ ಒಂದು ವಿದ್ಯೆ, ಗರಡಿಯಲ್ಲಿ ಇನ್ನೊಂದು ವಿದ್ಯೆ. ಆದರೆ ತನ್ನ ಮೈಮನಸ್ಸು ತನ್ನ ಹಿಡಿತದಲ್ಲಿರಬೇಕು ಎಂಬ ವಿದ್ಯೆ ಎಲ್ಲ ಆಟಕ್ಕೂ ಒಂದೇ. ಸಂತ ಪೌಲರು ಕೊರಿಂಥದ ಸಭೆಗೆ ಬರೆಯುವಾಗ ಓಟಗಾರನನ್ನೂ ಮಲ್ಲನನ್ನೂ ನೆನೆದು, ಎಲ್ಲದರಲ್ಲೂ ಸಂಯಮ ಬೇಕೆಂದು ತಿಳಿಹೇಳಿದ್ದು ಇದನ್ನೇ. ರಾಮನಿಗೆ ಅದರ ಪರೀಕ್ಷೆ ಬಂದದ್ದು ಆಟದ ಬಯಲಿನಲ್ಲಲ್ಲ, ಚೆಂಡು ತರಲು ಹೋದ ಮನೆಯೊಳಗೆ. ನಿಮ್ಮ ಮಕ್ಕಳಿಗೂ ಅದು ಎಲ್ಲಿ ಬೇಕಾದರೂ ಬರಬಹುದು.

ತಂದೆತಾಯಿಗಳಿಗೆ ಬರುವ ಪರೀಕ್ಷೆಯೂ ಈ ಕಥೆಯಲ್ಲಿದೆ. ಮೊರೆಹೊಕ್ಕ ಪರದೇಶಿಗಾಗಿ ರಾಜ್ಯವನ್ನೇ ಕಳೆದುಕೊಂಡ ಕಂಪಿಲ ಸಣ್ಣ ಮನುಷ್ಯನಲ್ಲ. ಅಂಥವನೂ ಕಥೆಯಲ್ಲಿ ಸ್ವಂತ ಮಗನ ಮಾತನ್ನು ಕೇಳಲು ಒಂದು ಗಳಿಗೆ ಕೊಡಲಿಲ್ಲ. ಶಾಲೆಯಿಂದಾಗಲಿ ಆಟದ ಬಯಲಿನಿಂದಾಗಲಿ ನಿಮ್ಮ ಮಗುವಿನ ಮೇಲೆ ದೂರು ಬಂದ ದಿನ ಮೊದಲು ಹತ್ತಿರ ಕೂರಿಸಿಕೊಂಡು ಕೇಳಿ. ತಪ್ಪಿದ್ದರೆ ತಿದ್ದುವುದಕ್ಕೆ ಆಮೇಲೂ ಸಮಯವಿರುತ್ತದೆ. ಎಲ್ಲ ಮನೆಯಲ್ಲೂ ಒಬ್ಬ ಬೈಚಪ್ಪ ಇರುವುದಿಲ್ಲ.